ತಲೆಗೆಷ್ಟು ಮೂಟೆ

ಚಿಪ್ಪಿನಿಂದ ಕೊಬ್ಬರಿ ಕಿತ್ತರೆ ಮೂಟೆಗೆ ನೂರಿಪ್ಪತ್ತು ರೂಪಾಯಿ. ದಿನಕ್ಕೆ ಮೂರು ಮೂಟೆ, ಮುನ್ನೂರ ಅರವತ್ತು. ಅದರಲ್ಲಿ ಬಾಡಿಗೆಗೆ ನೂರು, ಅತ್ತೆಯ ಮಾತ್ರೆಗೆ ಅರವತ್ತು, ಉಳಿದದ್ದು ಒಲೆಗೆ.

"ಥೂ, ಎಮ್ಮೆಗಳಾ!" ತಮಿಳುನಾಡಿನ ಕಾಂಗೇಯದಲ್ಲಿ ಕೊಬ್ಬರಿ ಒಣಗಿಸುವ ಕಳದ ಮಾಲೀಕ, ಮೊದಲಾಳಿ ತಿರುಮೂರ್ತಿ ನಮ್ಮ ಮೂಟೆಯನ್ನು ಒದ್ದ. "ಆರು ಜನ, ಹದಿನೆಂಟು ಮೂಟೆ. ಆ ಕಡೆ ನಾಲ್ಕೇ ಜನ, ಹದಿನಾರು!"

"ನಮ್ದೇ ಎರಡು ಜಾಸ್ತಿ ಐತಲ್ಲ ಮೊದಲಾಳಿ," ಎಂದಳು ನಮ್ಮ ಗುಂಪಿನ ಕಮಲಾತಾಳ್.

"ತಲೆಗೆಷ್ಟು ಅಂತ ನೋಡೇ, ಮುಂಡೆ! ನಿಂಗೆ ಮೂರು, ಅವಳಿಗೆ ನಾಲ್ಕು. ನಿಮ್ಮ ಜಾಗಕ್ಕೆ ಅಂಥೋರು ಆರು ಜನ ಬಂದ್ರೆ ಇಪ್ಪತ್ನಾಲ್ಕು. ಸೋಮವಾರದಿಂದ ನೀವು ಬರ್ಬೇಡಿ."

'ಆ ಕಡೆ'ಯವರೆಂದರೆ ಮೆಟ್ಟುಪಾಳ್ಯಂನಿಂದ ಬಂದವರು, ನಮ್ಮಂತೆಯೇ ಮನೆಯಲ್ಲಿ ಕನ್ನಡ. ಅವರಿಗೆ ತಗಡಿನ ನೆರಳು, ನಮಗೆ ಬಿಸಿಲು. ಅವರಲ್ಲೊಬ್ಬಳಾದ ಸರಣ್ಯಾಳ ಹೊಸ ಗೆಜ್ಜೆ ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಊಟದ ಹೊತ್ತಿಗೆ ನಡುವಿನ ಗೋಡೆ ದಾಟಿ ಹೋದೆ, ಅವಳ ಕೈಯಲ್ಲೇನು ಮಾಯೆಯಿದೆ ನೋಡೋಣವೆಂದು.

ಅವಳು ಕತ್ತಿಯ ತುದಿ ಸೋಕಿಸಿದರೆ ಸಾಕು, ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತಿತ್ತು. ಮುಟ್ಟಿದೆ. ಒಣಗಿತ್ತು.

"ಎಷ್ಟು ದಿನ ಬಿಸಿಲಿಗೆ ಹಾಕಿದ್ದೇ?"

"ಮೂರು ದಿನ ಅಕ್ಕಾ. ನಿಮ್ದು?"

"ನಿನ್ನೆ ಒಡೆದಿದ್ದು. ಹಸಿ. ಕಿತ್ರೆ ಚಿಪ್ಪೇ ಎದ್ದು ಬರುತ್ತೆ. ಅದಕ್ಕೇ ನಿನ್ ಕಾಲಿಗೆ ಬೆಳ್ಳಿ, ನನ್ ಕೈಗೆ ಗಾಯ!"

"ಬೆಳ್ಳಿಯಾ? ಅಯ್ಯೋ, ಕವರಿಂಗು, ಬರೀ ಮೆರುಗು!" ಅವಳು ನಕ್ಕಳು. "ನಿಮ್ಗೇನಕ್ಕಾ, ಮೂಟೆಗೆ ನೂರಿಪ್ಪತ್ತು. ನಮ್ಗೆ ತೊಂಬತ್ತೇ. 'ಆ ಕಡೆಯೋರ ಥರ ಚೂರಾಗದೆ ಕೀಳಕ್ಕೆ ಬರಲ್ಲ ನಿಮ್ಗೆ' ಅಂತ ಆ ನಾಯಿ ದಿನಾ ಸುಳ್ಳು ಹೇಳಿ ಬೈತಾನೆ. ನಿಮ್ಮನ್ನ ಕಂಡ್ರೇ ನಮ್ಗೆ ಆಗ್ತಿರ್ಲಿಲ್ಲ."

ಬೆರಳು ಮಡಿಸಿದೆ. ತೊಂಬತ್ತರಂತೆ ನಾಲ್ಕು ಮೂಟೆ, ಅದೂ ಮುನ್ನೂರ ಅರವತ್ತೇ. ನಮ್ಮನ್ನು ಓಡಿಸಿ ತೊಂಬತ್ತರ ಆರು ಜನರನ್ನು ತಂದರೆ ಅದೇ ದುಡ್ಡಿಗೆ ಅವನಿಗೆ ದಿನಕ್ಕೆ ಆರು ಮೂಟೆ ಹೆಚ್ಚು.

ಮರುದಿನ, ಎರಡೂ ಕಡೆಯವರು ಮಾತಾಡಿಕೊಂಡಂತೆ, ಹಸಿಯದನ್ನೂ ಒಣಗಿದ್ದನ್ನೂ ಕಳದ ನಡುವೆ ಒಂದೇ ಗುಡ್ಡೆ ಸುರಿದು, ಹತ್ತು ಜನರೂ ಬೆರೆತು ಸುತ್ತ ಕುಳಿತೆವು.

ತಿರುಮೂರ್ತಿ ಬಂದು ನಿಂತ. "ಇದ್ರಲ್ಲಿ ಯಾರ್ದು ಯಾವ್ದ್ರೇ?"

"ನೀವೇ ಹೇಳಿ ಮೊದಲಾಳಿ, ಲೆಕ್ಕದಲ್ಲಿ ಜಾಣರು," ಎಂದಳು ಸರಣ್ಯಾ.

"ಮೂಟೆಗೆ ನೂರಿಪ್ಪತ್ತು," ಎಂದೆ. "ಹತ್ತು ಜನಕ್ಕೂ. ಸೋಮವಾರವೂ ಹತ್ತು ಜನ."

"ನಿಮ್ಮ ವಂಶ ಹಾಳಾಗ! ಏಳ್ರೇ ಮೇಲಕ್ಕೆ!"

ಯಾರೂ ಏಳಲಿಲ್ಲ. ಮಧ್ಯಾಹ್ನ ಆಳುಗಳನ್ನು ಕರೆಸಿ ನಮ್ಮನ್ನು ಹೊರದಬ್ಬಿ ಗೇಟು ಹಾಕಿಸಿದ. ಅರ್ಧ ಕಿತ್ತ ಗುಡ್ಡೆ ಒಳಗೇ ಉಳಿಯಿತು. ಹತ್ತು ಜನರ ಅಂದಿನ ಕೂಲಿ ಹೋಯಿತು. ಆದರೆ ಯಾರು ಎಷ್ಟು ಕಿತ್ತರೆಂಬ ಲೆಕ್ಕ ಅವನಿಗೆ ಸಿಗಲಿಲ್ಲ.