ಊಟದ ಹೊತ್ತಿನ ಮೌನ

ಸಮ್ಮೇದನನ್ನು ಮಿರಜ ಹತ್ತಿರದ ಮನೋರೋಗಿಗಳ ಆಶ್ರಮದಲ್ಲಿ ಬಿಡುವುದೋ, ಮನೆಯಲ್ಲೇ ಇಟ್ಟುಕೊಳ್ಳುವುದೋ ಎಂಬುದು ಆ ಗುರುವಾರ ಚಿಕ್ಕೋಡಿಯ ಆಸ್ಪತ್ರೆಯಲ್ಲಿ ತೀರ್ಮಾನವಾಗಬೇಕಿತ್ತು. ತಂದೆ ಜಿನ್ನಪ್ಪ ಆಶ್ರಮದಲ್ಲಿ ಅವನು ಇರಬೇಕಾದ ಖೋಲಿಯನ್ನೂ ನೋಡಿ ಬಂದಿದ್ದರು. ಡಾಕ್ಟರ್ ಏನು ಹೇಳುತ್ತಾರೋ ಕೇಳದೆ ಕಳಿಸುವುದಿಲ್ಲ ಎಂದು ತಾಯಿ ಲಕ್ಷ್ಮಿಬಾಯಿ ಹಟ ಹಿಡಿದಿದ್ದರು.

ಸಮ್ಮೇದನಿಗೆ ಸ್ಕಿಜೋಫ್ರೇನಿಯಾ ಇತ್ತು. ಔಷಧ ಶುರುವಾದ ಮೇಲೆ ಅವನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು. ಆದರೆ ಮಾತು, ನಗು, ಮುಖಭಾವ ಮರಳಿ ಬರಲಿಲ್ಲ. ಕಾಯಿಲೆ ತಂದಿಟ್ಟದ್ದು ಕಣ್ಣಿಗೆ ಕಾಣುತ್ತದೆ. ಕಸಿದುಕೊಂಡದ್ದನ್ನು ಅಳೆಯುವುದು ಕಷ್ಟ. ಮನೋವೈದ್ಯೆ ಕುಸುಮ ಅದನ್ನೇ ಅಳೆಯಲು ಕೂತಿದ್ದರು.

"ಒಳಗ ಏನೂ ಉಳದಿಲ್ರಿ," ಜಿನ್ನಪ್ಪ ಹೇಳಿದರು. "ಏನ್ ಕೇಳಿದ್ರೂ ಗ್ವಾಡಿಗೆ ಕೇಳಿದಂಗ."

"ಯಾವಾಗ ಕೇಳತೀರಿ?"

"ಉಣ್ಣಾಕ ಕುಂತಾಗ್ರಿ. ಮುಂಜಾನೆ ಇಂವ ಏಳೂದ್ರಾಗ ನಾವು ಹೊಲಕ್ಕ ಹೋಗಿರ್ತೀವಿ. ನಾವು ಜೈನರು, ಸಂಜಿಗೆ ಹೊತ್ತು ಮುಳಗೂದ್ರಾಗ ಊಟ ಆಗಬೇಕು. ಉಂಡ ಕೂಡಲೇ ಇಂವ ಮಲಗತಾನ."

"ತುಪ್ಪ ಹಾಕ್ಲೇನೋ, ಹೊಟ್ಟಿ ತುಂಬೇತೇನೋ ಅಂತ ನಾ ಬಡಕೊಂತೀನ್ರಿ," ಲಕ್ಷ್ಮಿಬಾಯಿ ಸೇರಿಸಿದರು. "ತುಟಿ ಬಿಚ್ಚಂಗಿಲ್ಲ."

ಕುಸುಮ ಇಬ್ಬರಿಗೂ ಹೊರಗೆ ಕೂರಲು ಹೇಳಿದರು. ಮನೆಯವರು ಎದುರಿಗಿದ್ದರೆ ಉತ್ತರಗಳೆಲ್ಲ ಅವರವೇ ಆಗುತ್ತವೆ.

ಸಮ್ಮೇದನ ಕೈ ಮಡಿಸಿ ಬಿಡಿಸಿ ನೋಡಿದರು. ತೋಳು ಬಿಗಿಯಾಗಿತ್ತು. ಅದು ಔಷಧದ ಪರಿಣಾಮ. ಮುಖದ ಜಡತೆಯಲ್ಲೂ ಅದರ ಪಾಲು ಇರಬಹುದು. ಹೋದ ವಾರ ಯಾವುದು ಖುಷಿ ಕೊಟ್ಟಿತು ಎಂದು ಕೇಳಿ, ಸುಮ್ಮನೆ ಕಾದರು.

"ಎಮ್ಮಿ ಈದೈತಿ," ಬಹಳ ಹೊತ್ತಿನ ಮೇಲೆ ಸಮ್ಮೇದ ಹೇಳಿದ. "ಹೆಣ್ಣ ಕರ." ಮುಖದಲ್ಲಿ ಏನೂ ಕದಲಲಿಲ್ಲ.

"ಊಟದಾಗ ಅವ್ವಗ ಯಾಕ ಉತ್ತರ ಕೊಡಂಗಿಲ್ಲ?"

"ನೇಮ ಐತ್ರಿ. ಉಣ್ಣುವಾಗ ಮಾತಾಡಬಾರದು."

"ಯಾರು ಕೊಟ್ಟ ನೇಮ?"

"ಚಾತುರ್ಮಾಸಕ್ಕ ಬಂದ ಮುನಿಗಳು. ಒಂದ್ ವರ್ಷದ್ದು. ಅವ್ವನೂ ತಗೊಂಡಿದ್ಲು. ಅಕಿ ಮುರದ್ಲು."

ಕುಸುಮರಿಗೆ ನಗು ತಡೆಯಲಾಗಲಿಲ್ಲ. ಬಾಗಿಲು ತೆರೆದು ಇಬ್ಬರನ್ನೂ ಕರೆದರು. ವಿಷಯ ಕೇಳಿ ಲಕ್ಷ್ಮಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹೌದ್ರಿ, ಬಸದಿಯೊಳಗ ನನ್ನ ಬಾಜೂಕ ನಿಂತು ಕೈ ಮುಗದಿದ್ದ. ನಾ ಮಾಡಿದ್ದ ನೋಡಿ ಮಾಡಾಕತ್ತಾನ ಅಂದಕೊಂಡೆ. ಇವನ ಚಿಂತ್ಯಾಗ ನಂದು ಎಂಟು ದಿನಕ್ಕ ಮುರದ ಹೋತು."

"ಭಲೇ!" ಜಿನ್ನಪ್ಪ ಹೆಂಡತಿಯತ್ತ ತಿರುಗಿದರು. "ನೇಮ ಮುರದ ಪಾಪ ನಿಂದು, ಖೋಲಿ ಅವಗ ನೋಡಿ ಬಂದೆ ನಾನು."

"ನೇಮದಿಂದ ಎಲ್ಲಾ ತಿಳೀತು ಅನ್ನಂಗಿಲ್ಲ," ಕುಸುಮ ಎಚ್ಚರಿಸಿದರು. "ಮಾತು ಕಡಿಮಿ ಐತಿ, ಮುಖ ಬಿಗದೈತಿ. ಅವು ಕಾಯಿಲೆಯವೂ ಹೌದು, ಔಷಧದವೂ ಹೌದು. ಗುಳಿಗಿ ಬದಲಿ ಮಾಡತೀನಿ. ಆದ್ರ ಹಿಡಿದದ್ದ ಬಿಡದ ಮನಸ್ಸು ಒಳಗ ಐತಿ. ಆಶ್ರಮದ ಮಾತು ಬ್ಯಾಡ. ಊಟ ಬಿಟ್ಟು ಬ್ಯಾರೆ ಹೊತ್ತಿನ್ಯಾಗ ಮಾತಾಡ್ಸರಿ. ಕೇಳಿ, ಕಾಯಿರಿ."

ಜಿನ್ನಪ್ಪ ಹೊರಗೆ ಬಂದವರೇ ಆಶ್ರಮಕ್ಕೆ ಫೋನ್ ಮಾಡಿ, ಮರಾಠಿಯಲ್ಲಿ, ಖೋಲಿ ಬೇಡ ಎಂದರು.

ತಮ್ಮೂರು ಅಕ್ಕೋಳ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಲಕ್ಷ್ಮಿಬಾಯಿ ಅವಸರದಿಂದ ರೊಟ್ಟಿ, ಹೆಸರುಕಾಳಿನ ಪಲ್ಯ ಮಾಡಿ ಬಡಿಸಿದರು. ತಾವೂ ಕೂತರು. ತುಪ್ಪ ಬೇಕೇ ಎಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಮೂವರೂ ಮಾತಿಲ್ಲದೆ ಉಂಡರು.

ಸಮ್ಮೇದ ಎದ್ದು ಕೈ ತೊಳೆದುಕೊಂಡ. ಬಾಗಿಲ ಬಳಿ ನಿಂತ. ಲಕ್ಷ್ಮಿಬಾಯಿ ಏನೂ ಕೇಳದೆ ಕಾದರು.

"ಅವ್ವಾ," ಎಂದ ಅವನು. "ಪಲ್ಯಾಕ ಉಪ್ಪು ಹಾಕಿಲ್ಲ ನೀ."

"ನಾನೂ ಅದನ್ನ ಹೇಳಬೇಕಂತಿದ್ದೆ," ಎಂದರು ಜಿನ್ನಪ್ಪ.