ಒಳಲೆಯೊಳಗಿನ ಇರುವೆ

ಮೊಮ್ಮಗ ಕುಡಿದು ಉಳಿಸಿದ್ದ ಪುಡಿಹಾಲನ್ನು ಬಚ್ಚಲಿಗೆ ಸುರಿಯಹೋದ ಸುಂದರಮ್ಮ ಕೈ ತಡೆದರು. ಬಾಟಲಿಯಲ್ಲಿ ನಾಲ್ಕು ಇರುವೆ ಸತ್ತು ತೇಲುತ್ತಿದ್ದವು. ಅಂಗಡಿಯ ಪುಡಿ, ಕಾಸಿದ ನೀರು. ಇದರಲ್ಲಿ ಯಾವ ಮಾತ್ರೆಯೂ ಇರಲಿಲ್ಲ. ಆದರೂ ಇರುವೆ ಸತ್ತಿದ್ದವು.

ಸೊಸೆ ಕುಸುಮಳಿಗೆ ಮೂರ್ಛೆ ರೋಗವಿದ್ದದ್ದು ಮದುವೆಗೆ ಮೊದಲೇ ಎಲ್ಲರಿಗೂ ತಿಳಿದದ್ದು. ಹೆರಿಗೆಯಾದ ಮೇಲೆ, ಮಾತ್ರೆಯನ್ನೂ ಬಿಡಬೇಡಿ, ಎದೆಹಾಲನ್ನೂ ಬಿಡಿಸಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಆದರೆ ಬೋಗಾದಿಯ ಆ ಬೀದಿಯಲ್ಲಿ ಬಾಣಂತಿ ನೋಡಲು ಬಂದವರೆಲ್ಲ ಡಾಕ್ಟರೇ.

"ಕೂಸು ಬರೀ ನಿದ್ದೆ ಹೊಡೀತದಲ್ಲ ಸುಂದ್ರಮ್ಮ, ಮಾತ್ರೆ ಹಾಲಿಗಿಳಿದದೆ ಕಣಮ್ಮ," ಎಂದರು ಎದುರುಮನೆಯ ಮಹದೇವಮ್ಮ. "ಇರುವೆ ಬುಟ್ಟು ನೋಡು. ಕೆಟ್ಟ ಹಾಲಾದ್ರೆ ಸಾಯ್ತವೆ."

"ಡಾಕ್ಟ್ರಮ್ಮ ಏನೂ ಆಗಲ್ಲ ಅಂದವ್ರೆ, ಅತ್ತೆ," ಎಂದಳು ಕುಸುಮ.

"ನಾಳೆ ಕೂಸು ಪೆದ್ದಾದ್ರೆ ಡಾಕ್ಟ್ರಮ್ಮ ಬಂದು ಸಾಕ್ತಾಳೇನೇ?" ಎಂದು ಮಹದೇವಮ್ಮ ನಕ್ಕರು.

ಮಗುವಿಗೆ ಹಾಲು ಹಾಕುವ ಒಳಲೆಗೆ ಸೊಸೆಯ ಎದೆಹಾಲು ಹಿಂಡಿಸಿಕೊಂಡು, ಇರುವೆ ಹಿಡಿದು ಬಿಟ್ಟವರು ಸುಂದರಮ್ಮನೇ. ಒಂದೂ ಬದುಕಲಿಲ್ಲ. ಕುಸುಮ ನೋಡುತ್ತಲೇ ಇದ್ದು, ಮಾತ್ರೆಗಳನ್ನು ತಂದು ಅತ್ತೆಯ ಕೈಗಿಟ್ಟಳು. ಮಾತ್ರೆ ಬಿಟ್ಟ ಹನ್ನೊಂದನೆಯ ದಿನ ಮಗುವನ್ನು ಎತ್ತಿಕೊಂಡಿದ್ದಂತೆಯೇ ಮೂರ್ಛೆ ಬಂದು ಬಿದ್ದಳು. ಮಗು ಹಾಸಿಗೆಯ ಮೇಲೆ ಬಿದ್ದು ಉಳಿಯಿತು. ಅವಳ ಹಣೆಗೆ ಏಳು ಹೊಲಿಗೆ.

"ಯಾರಿಗೂ ಹೇಳ್ದೆ ಮಾತ್ರೆ ಬುಟ್ಟವಳ ಕೈಗೆ ಕೂಸು ಕೊಡಲ್ಲ," ಎಂದು ಮಗ ವಿಜಯ್‌ಕುಮಾರ್ ಹೆಂಡತಿಯನ್ನು ನಂಜನಗೂಡಿಗೆ, ಅವಳ ತಾಯಿ ಬೆಟ್ಟಮ್ಮನ ಮನೆಗೆ ಬಿಟ್ಟುಬಂದ. ಕುಸುಮ ಅತ್ತೆಯ ಹೆಸರೆತ್ತಲಿಲ್ಲ. ಅತ್ತೆಯೂ ಬಾಯಿ ಬಿಡಲಿಲ್ಲ.

ಬಾಟಲಿಯಲ್ಲಿ ಇರುವೆ ಕಂಡ ಆ ದಿನವೇ ಸುಂದರಮ್ಮ ಬೆಟ್ಟಮ್ಮನಿಗೆ ಕಾಗದ ಬರೆದರು: ಮಾತ್ರೆ ಬಿಡಿಸಿದ್ದು ನಾನು, ಕುಸುಮಳ ತಪ್ಪಿಲ್ಲ, ಮಗು ಅವಳ ಮಡಿಲಿಗೆ ಸೇರಬೇಕು. ಬಾಯಿಮಾತಾದರೆ ನಾಳೆ ತಾನೇ ಅಲ್ಲಗಳೆದೇನು ಎಂಬ ಭಯ. ರುಜು ಹಾಕಿದ ಕಾಗದವನ್ನು ನಾಲ್ಕು ಜನರ ಮುಂದೆ ಇಡಬಹುದು. ಆದರೆ ಮಗನ ಮುಖ ನೆನೆದಾಗಲೆಲ್ಲ ಧೈರ್ಯ ಉಡುಗುತ್ತಿತ್ತು. ಕಾಗದ ಸೀರೆಯ ಮಡಿಕೆಯೊಳಗೆ ಒಂದೂವರೆ ತಿಂಗಳು ಉಳಿಯಿತು.

ಒಂದು ಮಧ್ಯಾಹ್ನ ಬೆಟ್ಟಮ್ಮನ ಫೋನು ಬಂತು. "ಕೂಸು ತಿರ್ಗಾ ಬತ್ತದೆ, ಹಾಲು ನಿಲ್ಲಬಾರ್ದು ಅಂತ ದಿನಾ ಹಿಂಡಿ ಗಿಡದ ಬುಡಕ್ಕೆ ಉಯ್ತಿದ್ಲು. ನಿನ್ನೆಯಿಂದ ಒಂದು ತೊಟ್ಟೂ ಇಲ್ಲ ಕಣಮ್ಮ. ಈಗ ಮಾತ್ರೇನೂ ಮುಟ್ಟಲ್ಲ, ಯಾರಿಗೋಸ್ಕರ ಅಂತಾಳೆ. ನಾನೂ ಬಯ್ದುಬುಟ್ಟೆ, ನೀನು ಮಾಡ್ಕೊಂಡಿದ್ದು ನೀನೇ ಉಣ್ಣು ಅಂತ."

"ಬಯ್ಬೇಡಿ..." ಎಂದರು ಸುಂದರಮ್ಮ. ಮಾತ್ರೆ ಬಿಡಿಸಿದ್ದು ನಾನು ಎನ್ನುವ ಬದಲು ಫೋನಿಟ್ಟು, ಸೀರೆಯ ಮಡಿಕೆಯಿಂದ ಕಾಗದ ತೆಗೆದರು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಚೆ ಕಚೇರಿಗೆ ನಡೆದರು.

"ಯಾವತ್ತು ಸೇರ್ತದೆ?"

"ನಾಳೆ. ಇಲ್ಲಾಂದ್ರೆ ನಾಳಿದ್ದು, ಅಜ್ಜಿ," ಎಂದ ಗುಮಾಸ್ತ.

ಅಷ್ಟು ದಿನ ಕುಸುಮ ಮಾತ್ರೆಯಿಲ್ಲದೆ ಇರಬೇಕು. ಸುಂದರಮ್ಮ ಲಕೋಟೆಯನ್ನು ಕಿಂಡಿಯೊಳಗೆ ತಳ್ಳಿದರು.