ಹಂದಿ ಮದ್ದು

ಕರುಳನ್ನು ಉದ್ದಕ್ಕೆ ಸೀಳಿದಾಗ ಎದ್ದ ನಾತಕ್ಕೆ ಅಶ್ವಿನಿ ಮುಖ ತಿರುಗಿಸಿದಳು. ಎರಡು ಮಾಸ್ಕು ಹಾಕಿಕೊಂಡಿದ್ದರೂ ಅದು ನಾಲಿಗೆಯ ಮೇಲೆಯೇ ಬಂದು ಕೂತಂತಾಯಿತು. ನೀಲಿ ತಾಡಪಾಲಿನ ಮೇಲೆ ಕಾಲು ಚಾಚಿ ಬಿದ್ದಿದ್ದ ಹಂದಿಯ ಕಿವಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ದೊಡ್ಡ ಕರುಳಿನ ಒಳಗೋಡೆಗೆ ಯಾರೋ ಅಂಗಿಯ ಗುಂಡಿಗಳನ್ನು ಹೊಲಿದ ಹಾಗೆ ದುಂಡು ದುಂಡಾದ ಹುಣ್ಣುಗಳು. ಪ್ರಯೋಗಾಲಯದಿಂದ ವರದಿ ಬರುವುದು ಬಾಕಿ ಇದ್ದರೂ ಅವಳಿಗೆ ಅನುಮಾನವೇನೂ ಉಳಿಯಲಿಲ್ಲ. ಹಂದಿಜ್ವರ, ಮನುಷ್ಯರಿಗೆ ಅಂಟದ, ಹಂದಿಗಳನ್ನೇ ಕೊಲ್ಲುವ ರೋಗ.

"ಅದss ರೋಗ ಏನ್ರಿ ಡಾಕ್ಟ್ರಮ್ಮ?" ಹಂದಿಗಳ ಒಡತಿ ಪಕೀರಮ್ಮ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. "ನೀವು ಸೂಜಿ ಹಾಕಿದ್ರಲ್ಲ, ಬರಂಗಿಲ್ಲ ಅಂತಂದು?"

"ಅದೇ."

"ಮತ್ತ ಸೂಜಿ ಯಾತಕ್ಕ ಹಾಕಿದ್ರಿ?"

ಅಶ್ವಿನಿ ಕರುಳಿನ ತುಂಡೊಂದನ್ನು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಕೈಗವಸು ಜಾರುತ್ತಿತ್ತು. ಹತ್ತಿ ಮಿಲ್ಲಿನ ಹಿಂಗೋಡೆಗೆ ಆತುಕೊಂಡಿದ್ದ ಆ ಓಣಿಯಲ್ಲಿ ಗಾಳಿ ಬೀಸಿದಾಗಲೆಲ್ಲ ಹತ್ತಿಯ ಧೂಳು ಹಾರಿ ಬಂದು ಒದ್ದೆ ಇದ್ದಲ್ಲಿ ಅಂಟುತ್ತಿತ್ತು. ಸತ್ತ ಹಂದಿಯ ಬಾಯಂಚಿನ ನೊರೆಗೂ ಅಂಟಿತ್ತು.

"ಓಣಿಯೋರು ಯಾರೂ ಒಪ್ಪಿರಲಿಲ್ಲ," ಎಂದಳು ಪಕೀರಮ್ಮ. "ನಾನss ಮನಿಮನಿಗೆ ಹೋಗಿ ಹೇಳ್ದೆ, ನಮ್ಮ ಆದವಾನಿ ಹುಡುಗಿ, ಹಂದಿ ಸಲುವಾಗಿ ಓದ್ಯಾಳ ಅಂತ. ಮೊದಲು ನನ್ನವಕ್ಕ ಹಾಕಿಸಿ ತೋರಿಸ್ತೀನಿ ಅಂದೆ. ಈಗ ನೋಡ್ರಿ, ನನ್ನವss ಸಾಯಾಕ ಹತ್ಯಾವ. ಸೂಜಿಯಿಂದನss ರೋಗ ಬಂತು ಅಂತ ಬಾಜು ಮನಿ ಮಾರೆಣ್ಣ ನನ್ನ ಕೂಡ ಮಾತು ಬಿಟ್ಟಾನ."

ಅಶ್ವಿನಿ ಪಶುವೈದ್ಯ ಕಾಲೇಜಿನಲ್ಲಿ ಈ ಲಸಿಕೆಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಹಳೆಯ ಲಸಿಕೆಗೆ ಮೊಲಗಳಿಗೆ ವೈರಸ್ ಚುಚ್ಚಿ, ಅವನ್ನು ಕೊಂದು, ಗುಲ್ಮ ತೆಗೆದು ಅರೆಯಬೇಕಿತ್ತು. ಇದು ಹಾಗಲ್ಲ, ಗಾಜಿನ ಬಾಟಲಿಯ ಜೀವಕೋಶಗಳಲ್ಲಿ ಬೆಳೆಸಿದ, ಬಲ ಕುಂದಿಸಿದ ಜೀವಂತ ವೈರಸ್ಸಿನದು, ಸದಾ ತಣ್ಣಗಿರಬೇಕಾದದ್ದು. ಆದವಾನಿಯಲ್ಲೂ ಆಸ್ಪರಿಯ ಹಳ್ಳಿಗಳಲ್ಲೂ ಅದನ್ನು ಹಾಕಿ ಪರೀಕ್ಷಿಸುವ ಕೆಲಸ ಅವಳದು. ಲಿಂಗ ಕಟ್ಟಿದ ಮನೆಯ ಮಗಳು ಹಂದಿಗಳ ನಡುವೆ ಓಡಾಡುತ್ತಾಳೆಂದು ಸಂಬಂಧಿಕರು ಮೂಗು ಮುಚ್ಚಿಕೊಂಡು ನಕ್ಕಿದ್ದರು. ಅವಳಿಗೂ ಹೇಸಿಗೆ ಆಗುತ್ತಿರಲಿಲ್ಲವೆಂದಲ್ಲ. ಈ ಓಣಿಗೆ ಎಷ್ಟು ಸಲ ಬಂದರೂ ಇಲ್ಲಿಯ ನೀರು ಕುಡಿದವಳಲ್ಲ.

ಅವಳಿಗೆ ತಿಳಿಯದೆ ಇದ್ದದ್ದು ಒಂದೇ. ಆಸ್ಪರಿಯ ಹಂದಿಗಳಿಗೂ ಇದೇ ಲಸಿಕೆ ಹಾಕಿತ್ತು, ರೋಗ ಅಲ್ಲಿಗೂ ಬಂದಿತ್ತು, ಲಸಿಕೆ ಬಿದ್ದ ಹಂದಿಗಳು ಮಾತ್ರ ಗಟ್ಟಿಮುಟ್ಟಾಗಿ ಉಳಿದಿದ್ದವು. ಅವಕ್ಕೂ ಇವಕ್ಕೂ ವ್ಯತ್ಯಾಸವೇನು? ಆಸ್ಪರಿಯ ಸೀಸೆಗಳು ಕಾಲೇಜಿನಿಂದ ನೇರ ಹೋಗಿದ್ದವು. ಈ ಓಣಿಯವು ಊರಿನ ಪಶು ಆಸ್ಪತ್ರೆಯ ಫ್ರಿಜ್ಜು ಕೆಟ್ಟಿದ್ದರಿಂದ ಎರಡು ದಿನ ಅವಳ ಮನೆಯಲ್ಲಿದ್ದವು.

ಸಂಜೆ ಮನೆಗೆ ಬಂದಾಗ ಹಿತ್ತಲ ಬಾಗಿಲಲ್ಲೇ ಅವ್ವ ವೀರಬಸಮ್ಮ ಬಕೆಟ್ಟು, ಸೋಪು, ಹಳೇ ಟವೆಲ್ಲು ಇಟ್ಟಿದ್ದಳು. ಮಗಳ ಬಟ್ಟೆಯನ್ನು ಕೋಲಿನ ತುದಿಯಿಂದ ಎತ್ತಿ ಬೇರೆ ಬುಟ್ಟಿಗೆ ಹಾಕಿದಳು. ತಲೆಗೆ ಎರೆದುಕೊಂಡು ಒಳಗೆ ಬಂದರೆ ಅಪ್ಪ ಪಂಚಾಕ್ಷರಯ್ಯ ಹತ್ತಿ ಮಂಡಿಯಿಂದ ಬಂದು ಊಟಕ್ಕೆ ಕೂತಿದ್ದ. ಅವ್ವ ಇಬ್ಬರಿಗೂ ಹೋಳಿಗೆ ಬಡಿಸಿ ಅದರ ಮೇಲೆ ತುಪ್ಪ ಬಿಟ್ಟಳು.

"ಅವ್ವ, ಆ ಮದ್ದಿನ ಡಬ್ಬಿ ಫ್ರಿಜ್ಜಿನಾಗ ಇಟ್ಟಿದ್ದೆನಲ್ಲ, ಅವತ್ತು ಕರೆಂಟು ಏನಾದ್ರೂ ಹೋಗಿತ್ತಾ?"

"ಎಲ್ಲಿ ಕರೆಂಟು? ಏನೂ ಹೋಗಿಲ್ಲ. ಅವತ್ತು ಅಯ್ಯನೋರ ಪಾದಪೂಜಿ ಇತ್ತಲ್ಲ. ಹೋದ್ರ ಗೊತ್ತಾಗ್ತಿರಲಿಲ್ಲೇನು?"

ಅಶ್ವಿನಿಯ ಕೈ ತಟ್ಟೆಯಲ್ಲೇ ನಿಂತಿತು. ಆ ದಿನ ಅವಳು ಊರಲ್ಲಿರಲಿಲ್ಲ, ಆಸ್ಪರಿಗೆ ಹೋಗಿದ್ದಳು. "ಪೂಜಿ ಹಾಲು, ಹಣ್ಣು ಎಲ್ಲಿ ಇಟ್ಟಿದ್ದಿ?"

"ಫ್ರಿಜ್ಜಿನಾಗ."

"ಮದ್ದು?"

ಅವ್ವ ತುಪ್ಪದ ಗಿಂಡಿ ಕೆಳಗಿಟ್ಟಳು. ಮುಚ್ಚಿಡುವಂಥದ್ದು ಅದರಲ್ಲೇನೂ ಇಲ್ಲ ಎಂಬ ಮುಖ. "ತೆಗೆದು ಹೊರಗಿಟ್ಟೆ. ಹಂದಿ ಮದ್ದಿನ ಕೂಡ ಅಯ್ಯನೋರ ಹಾಲು ಇಡಾಕ ಬರ್ತೈತೇನು? ಹಿತ್ತಲದಾಗ, ಒಗೆಯೋ ಕಲ್ಲಿನ ಮ್ಯಾಲ ಇಟ್ಟಿದ್ದೆ. ಸಂಜಿಗೆ ಅವರು ಹೋದ ಮ್ಯಾಲ ನೀರು ಚಿಮುಕಿಸಿ ಒಳಗ ಇಟ್ಟೆನಲ್ಲ. ನೀ ತಗೊಂಡು ಹೋಗೂವಾಗ ತಣ್ಣಗss ಇತ್ತು."

ಏಪ್ರಿಲ್ ತಿಂಗಳು. ಆ ಕಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲು ಊರುವುದಕ್ಕೂ ಆಗುತ್ತಿರಲಿಲ್ಲ. ಸೀಸೆಯೊಳಗೆ ಬದುಕಿರಬೇಕಾದ ಮದ್ದು ಇಡೀ ದಿನ ಅಲ್ಲಿ ಬೆಂದು, ಆಮೇಲೆ ತಣ್ಣಗಾಗಿತ್ತು. ಆ ಬೆಂದ ನೀರನ್ನೇ ಅವಳು ಸಿರಿಂಜಿನಲ್ಲಿ ಎಳೆದು, ಪಕೀರಮ್ಮ ಒಂದೊಂದನ್ನೇ ಹಿಡಿದುಕೊಡುತ್ತಿದ್ದರೆ, ಕಿವಿಯ ಹಿಂದೆ ಚುಚ್ಚುತ್ತ ಹೋಗಿದ್ದಳು.

"ಮದ್ದು ಸತ್ತೋಗಿತ್ತವ್ವ," ಎಂದಳು. "ಆಕಿ ಹಂದಿ ಎಲ್ಲಾ ಸಾಯಾಕ ಹತ್ಯಾವ. ನಿನ್ನಿಂದ."

"ನನ್ನಿಂದ ಏನಾತವ್ವ? ನಾ ಏನು ಇಷ ಹಾಕೀನೇನು?" ವೀರಬಸಮ್ಮ ಗಂಡನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. "ಸತ್ರ ಸಾಯ್ಲಿ ಬಿಡು. ಗಲೀಜು ತಿನ್ನೋ ಪ್ರಾಣಿ. ಊರು ಒಂದೀಟು ಸ್ವಚ್ಛ ಆಗ್ತೈತಿ."

ಅಪ್ಪ ತುಪ್ಪ ಹತ್ತಿದ ಬೆರಳು ನೆಕ್ಕುತ್ತ ತಲೆ ಎತ್ತಿದ. "ಈ ಮಾತು ಹೊಸಿಲು ದಾಟಬಾರದು ನೋಡು. ಮದ್ದss ಸರಿ ಇರಲಿಲ್ಲ ಅಂತ ಹೇಳಿಬಿಡು. ಗೌರ್ಮೆಂಟ್ ಮದ್ದು ಅಂದ್ರ ಹಿಂಗss ಅಂತ ಜನಾನೂ ನಂಬ್ತಾರ. ಅಯ್ಯನೋರ ಹೆಸರು ಆ ಓಣಿಯೋರ ಬಾಯಾಗ ಬರೋದು ಬ್ಯಾಡ."

ಅವನ ಗಲ್ಲದ ಮೇಲೆ ತುಪ್ಪ ಮಿನುಗುತ್ತಿತ್ತು. ಹೂರಣದ ಸಿಹಿ ವಾಸನೆ, ಅಡುಗೆಮನೆಯ ಹೊಗೆ, ವಿಭೂತಿಯ ಘಮ ಎಲ್ಲ ಒಟ್ಟಾಗಿ ಅಶ್ವಿನಿಯ ಗಂಟಲಿಗೆ ಬಂದವು. ಬೆಳಿಗ್ಗೆ ಕೊಳೆತ ಕರುಳಿನ ಮುಂದೆ ತಡೆದುಕೊಂಡಿದ್ದು ಈಗ ತಡೆಯಲಾಗಲಿಲ್ಲ. ಹಿತ್ತಲಿಗೆ ಓಡಿ ಬಚ್ಚಲ ಮೋರಿಯ ಹತ್ತಿರ ಬಗ್ಗಿ, ಹೊಟ್ಟೆಯಲ್ಲಿ ಏನೂ ಉಳಿಯದಷ್ಟು ವಾಂತಿ ಮಾಡಿಕೊಂಡಳು. ಒಳಗಿನಿಂದ ಅವ್ವನ ಮಾತು ಕೇಳಿಸಿತು: "ಅದಕss ಹೇಳಿದ್ದೆ, ಆ ಹೊಲಸು ಮುಟ್ಟಬ್ಯಾಡ ಅಂತ."

ಅಲ್ಲಿಂದಲೇ ಅವಳು ತನ್ನ ಗೈಡ್ ಚಂದ್ರಮೋಹನ್ ಸರ್‌ಗೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದಳು. ಅವರಿಗೆ ಕೋಪವೇ ಬರಲಿಲ್ಲ, ನಿರಾಳವಾದಂತಿತ್ತು. "ಒಳ್ಳೇದಾಯ್ತಮ್ಮಾ. ಹಾಗಾದರೆ ನಮ್ಮ ವ್ಯಾಕ್ಸಿನ್‌ದು ತಪ್ಪಿಲ್ಲ. ಆ ಓಣಿಯನ್ನು ಪ್ರಯೋಗದಿಂದ ಕೈಬಿಡೋಣ. ಆ ಹಂದಿಯವರಿಗೆ ಏನೂ ಹೇಳೋದು ಬೇಡ. ವದಿಲೇಯ್, ಬಿಟ್ಟುಬಿಡು."

ಮರುದಿನ ಬೆಳಿಗ್ಗೆ ಹಳ್ಳಿಗಳಿಗೆಂದು ಕಾಲೇಜಿನಿಂದ ಕರ್ನೂಲಿನ ಬಸ್ಸಿಗೆ ಬಂದ ಹೊಸ ಸೀಸೆಗಳ ಐಸ್ ಡಬ್ಬಿಯನ್ನು ಸ್ಟ್ಯಾಂಡಿನಲ್ಲೇ ಇಳಿಸಿಕೊಂಡು ಅಶ್ವಿನಿ ಆಟೋದಲ್ಲಿ ನೇರ ಓಣಿಗೆ ಹೋದಳು. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು: ಕರೆಂಟು ಹೋಗಿತ್ತು. ಸಣ್ಣ ಮಾತು, ಯಾರಿಗೂ ನೋವಾಗದ್ದು.

ಪಕೀರಮ್ಮ ಮಿಲ್ಲಿನ ಗೋಡೆಯ ಬುಡದಲ್ಲಿ ಗುಂಡಿಯ ಮೇಲೆ ಸುಣ್ಣ ಉದುರಿಸುತ್ತಿದ್ದಳು. ಕೊನೆಯ ಮರಿಗಳೂ ನಸುಕಿನಲ್ಲಿ ಸತ್ತು ಅದರೊಳಗೆ ಸೇರಿದ್ದವು. ಮಾರೆಣ್ಣ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಮದ್ದು ಕೆಟ್ಟದ್ದಲ್ಲ ಪಕೀರಮ್ಮ," ಎಂದಳು ಅಶ್ವಿನಿ. "ಬಿಸಿಲಿಗೆ ಕೆಟ್ಟಿತ್ತು. ನಂಗ ಗೊತ್ತಾಗಲಿಲ್ಲ, ಕೆಟ್ಟದ್ದನ್ನss ಹಾಕಿದೆ."

"ಬಿಸಿಲಾಗ ಯಾಕ ಇಟ್ಟಿದ್ರಿ?"

ಅಶ್ವಿನಿ ಬಾಯಿ ತೆರೆದಳು. ಸಿದ್ಧವಾಗಿದ್ದ ಮಾತು ನಾಲಿಗೆಯ ಮೇಲೆ ರಾತ್ರಿಯ ತುಪ್ಪದ ಹಾಗೆ ಜಿಡ್ಡಾಗಿ ಕೂತಿತ್ತು.

"ನಮ್ಮನಿಗೆ ಅಯ್ಯನೋರು ಬಂದಿದ್ರು. ಹಂದಿ ಮದ್ದು ಪೂಜಿ ಹಾಲಿನ ಕೂಡ ಇರಬಾರದು ಅಂತ ನಮ್ಮವ್ವ ತೆಗೆದು ಹೊರಗ ಇಟ್ಳು."

ಪಕೀರಮ್ಮ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒರೆಸಿಕೊಂಡ ಮೇಲೂ ಒರೆಸುತ್ತಲೇ ಇದ್ದಳು. ಆಮೇಲೆ ಪಕ್ಕಕ್ಕೆ ತಿರುಗಿ ಕ್ಯಾಕರಿಸಿ ಉಗಿದಳು.

"ಮಾರೆಣ್ಣ, ಕೇಳಿದೇನು?" ಎಂದು ಕೂಗಿದಳು. "ಮದ್ದಿಂದೇನು ತಪ್ಪಿಲ್ಲಂತ. ಹೊಸಾದು ತಂದಾಳ. ನಿನ್ನವಿನ್ನೂ ಚೆಂದಾಗಿ ಅದಾವ, ಹಿಡಿ, ಹಾಕಿಸ್ಕೋ."

ಮಾರೆಣ್ಣ ಇಬ್ಬರನ್ನೂ ನೋಡಿ, ಹಗ್ಗ ತರಲು ಒಳಗೆ ಹೋದ. ಅವನ ಹಂದಿಗಳಾದ ಮೇಲೆ ಓಣಿಯ ಉಳಿದವರೂ ಒಬ್ಬೊಬ್ಬರಾಗಿ ಹಿಡಿದು ತಂದರು. ಬಿಸಿಲು ಏರುವ ಹೊತ್ತಿಗೆ ಅಶ್ವಿನಿಯ ಕೈ ಸೋತಿತ್ತು. ತಿರುಗಿ ಬರುವಾಗ ಪಕೀರಮ್ಮನ ಅಂಗಳದಲ್ಲಿ ಒಂದು ತಾಯಿಹಂದಿ ಬದುಕುಳಿದದ್ದು ಕಾಣಿಸಿತು. ಮೊಲೆಗಳು ಬಾತು ಕೆಂಪಾಗಿದ್ದವು. ಅದನ್ನು ನೋಡಲೆಂದು ಅವಳು ಬಗ್ಗಿ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ," ಎಂದಳು ಪಕೀರಮ್ಮ. ದನಿ ಏರಿಸಲಿಲ್ಲ. "ದೂರ ನಿಂದರ್ರಿ."

ಅಶ್ವಿನಿ ಹಿಂದೆ ಸರಿದು ಗೋಡೆಯ ಹತ್ತಿರ ನಿಂತಳು. ಹಂದಿ ಎದ್ದು, ಗುಂಡಿಯ ತನಕ ನಡೆದು, ಸುಣ್ಣವನ್ನು ಮೂಸಿತು. ಆಮೇಲೆ ಅದರ ಪಕ್ಕದಲ್ಲೇ ಮಗ್ಗುಲಾಗಿ ಉರುಳಿ, ಹಾಲು ಕುಡಿಸುವಾಗ ಮರಿಗಳನ್ನು ಕರೆಯುವ ಹಾಗೆ ಸಣ್ಣಗೆ, ಒಂದೇ ಸಮ ಗುರುಗುಟ್ಟತೊಡಗಿತು. ಮೊಲೆಯಿಂದ ಹಾಲು ತಾನಾಗಿಯೇ ತೊಟ್ಟಿಕ್ಕಿ ಮಣ್ಣಿಗೆ ಇಳಿಯುತ್ತಿತ್ತು. ಮೊದಲು ಒಂದು ನೊಣ ಬಂತು, ಆಮೇಲೆ ಉಳಿದವು.